ರಕ್ತದಲ್ಲಿ ಉಳಿಯುವ ಫ್ಲೋರಿನ್

(ನಮ್ಮೂರಿನ ಗ್ರಂಥಾಲಯದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಪಿಫಾಸ್ ಎಂಬ ಗುಂಪಿಗೆ ಸೇರಿದ ಕೆಮಿಕಲ್‌ಗಳ ಬಗ್ಗೆ. ಪೂರ್ತಿ ಹೆಸರು ಉದ್ದ: ಪರ್ ಮತ್ತು ಪಾಲಿ ಫ್ಲೋರೋಆಲ್ಕೈಲ್ ವಸ್ತುಗಳು. ಪತ್ರಿಕೆಗಳಲ್ಲಿ ಇವನ್ನೇ ಶಾಶ್ವತ ರಾಸಾಯನಿಕಗಳು ಅಂತ ಬರೆಯುತ್ತಾರೆ. ಇದು ಒಂದೆರಡು ವಸ್ತುಗಳ ಗುಂಪಲ್ಲ. 2018ರಲ್ಲಿ ಒಇಸಿಡಿ ಎಂಬ, ಹಲವು ದೇಶಗಳು ಸೇರಿ ಕಟ್ಟಿಕೊಂಡ ಆರ್ಥಿಕ ಸಂಸ್ಥೆ ಪಟ್ಟಿ ಮಾಡಿದಾಗ 4,700ಕ್ಕೂ ಹೆಚ್ಚು ಸಿಕ್ಕವು.

ಎಲ್ಲಿರುತ್ತವೆ? ನೀರು ಹಿಡಿಯದ ಜಾಕೆಟ್‌ನಲ್ಲಿ, ಕಲೆ ಕೂರದ ಕಾರ್ಪೆಟ್‌ನಲ್ಲಿ, ಎಣ್ಣೆ ಇಳಿಯದ ಕಾಗದದ ಡಬ್ಬಿಯಲ್ಲಿ, ಪೆಟ್ರೋಲ್ ಬೆಂಕಿ ಆರಿಸುವ ಫೋಮ್‌ನಲ್ಲಿ. ಕ್ರೋಮ್ ಪ್ಲೇಟಿಂಗ್ ಮಾಡುವಲ್ಲಿ, ಕಂಪ್ಯೂಟರ್ ಚಿಪ್ ತಯಾರಿಸುವಲ್ಲಿ ಕೂಡ ಬಳಸುತ್ತಾರೆ. ಒಂದು ಕಡೆ ಎಣ್ಣೆಯನ್ನೂ ಇನ್ನೊಂದು ಕಡೆ ನೀರನ್ನೂ ದೂರ ಇಡುವ ವಸ್ತು ಬೇಕಾದಾಗ ಇವುಗಳಷ್ಟು ಚೆನ್ನಾಗಿ ಕೆಲಸ ಮಾಡುವುದು ಬೇರೆ ಸಿಗುವುದು ಕಷ್ಟ. ಅದನ್ನು ಮೊದಲೇ ಒಪ್ಪಿಕೊಳ್ಳೋಣ.

ಇಷ್ಟು ಗಟ್ಟಿಯಾಗಿರಲು ಕಾರಣ ಕಾರ್ಬನ್ ಮತ್ತು ಫ್ಲೋರಿನ್ ನಡುವಿನ ಬಂಧ. ಕಾರ್ಬನ್ ಕಟ್ಟುವ ಒಂಟಿ ಬಂಧಗಳಲ್ಲಿ ಇದರಷ್ಟು ಬಲವಾದದ್ದು ಇನ್ನೊಂದಿಲ್ಲ. ಸಾಮಾನ್ಯ ಎಣ್ಣೆ, ಕೊಬ್ಬಿನಲ್ಲಿ ಕಾರ್ಬನ್ ಸರಪಳಿಗೆ ಹೈಡ್ರೋಜನ್ ಅಂಟಿಕೊಂಡಿರುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದನ್ನು ಕಡಿದು ತಿನ್ನಲು ಗೊತ್ತು. ಪಿಫಾಸ್‌ನಲ್ಲಿ ಆ ಹೈಡ್ರೋಜನ್ ಜಾಗಕ್ಕೆ, ಪೂರ್ತಿಯಾಗಿ ಇಲ್ಲವೇ ಭಾಗಶಃ, ಫ್ಲೋರಿನ್ ಬಂದು ಕೂತಿದೆ. ಸರಪಳಿಯ ಸುತ್ತ ಒತ್ತೊತ್ತಾಗಿ ಕೂತಿರುವುದರಿಂದ ಒಳಗಿನ ಕಾರ್ಬನ್ ಹತ್ತಿರ ಏನೂ ಸುಳಿಯುವುದಿಲ್ಲ. ಬಿಸಿಲಿಗೆ ಒಡೆಯುವುದಿಲ್ಲ, ಆಸಿಡ್‌ಗೆ ಜಗ್ಗುವುದಿಲ್ಲ, ನೀರು ಕುದಿಸಿದರೂ ಹೋಗುವುದಿಲ್ಲ.

ಈ ಕಥೆಯ ಮುಖ್ಯ ಪಾತ್ರ ಪಿಎಫ್‌ಒಎ. ಇದರಲ್ಲಿ ಎಂಟು ಕಾರ್ಬನ್, ಹಾಗಾಗಿ ಕಾರ್ಖಾನೆಯವರು ಇದನ್ನು ಸಿ8 ಎಂದು ಕರೆಯುತ್ತಿದ್ದರು. ಒಂದು ತುದಿ ಆಸಿಡ್, ಅದು ನೀರಿಗೆ ಹತ್ತಿರ. ಉಳಿದ ಬಾಲ ಪೂರ್ತಿ ಫ್ಲೋರಿನ್, ಅದು ನೀರಿನಿಂದ ದೂರ. ಇದರ ಜೊತೆಗಾರ ಪಿಎಫ್‌ಒಎಸ್. ಅದಕ್ಕೂ ಎಂಟೇ ಕಾರ್ಬನ್, ಆದರೆ ತುದಿಯಲ್ಲಿ ಗಂಧಕದ ಆಸಿಡ್ ಇದೆ. ಈ ಎರಡು ಹೆಸರು ನೆನಪಿಟ್ಟುಕೊಂಡರೆ ಸಾಕು.

ಹುಟ್ಟಿದ ಕಥೆ ಚುಟುಕಾಗಿ ಹೇಳುತ್ತೇನೆ. 1938ರ ಏಪ್ರಿಲ್‌ನಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಫ್ರಿಜ್‌ಗೆ ಬೇಕಾದ ಗ್ಯಾಸಿನ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ದಿನ ಸಿಲಿಂಡರ್ ತಿರುಗಿಸಿದರೆ ಗ್ಯಾಸೇ ಬರಲಿಲ್ಲ. ಕೊಯ್ದು ನೋಡಿದರೆ ಒಳಗೆ ಬಿಳಿ ಪುಡಿ. ಅದೇ ಮುಂದೆ ಟೆಫ್ಲಾನ್ ಆಯಿತು. ಅಣುಬಾಂಬ್ ಯೋಜನೆಯಲ್ಲಿ ಲೋಹವನ್ನೇ ತಿನ್ನುವ ಯುರೇನಿಯಂ ಗ್ಯಾಸನ್ನು ತಡೆಯುವ ಪೈಪು, ವಾಲ್ವುಗಳಿಗೆ ಇದು ಒದಗಿತು. 1951ರಿಂದ ಡ್ಯೂಪಾಂಟ್ ತನ್ನ ಟೆಫ್ಲಾನ್ ಕಾರ್ಖಾನೆಗೆ 3ಎಂ ಎಂಬ ಇನ್ನೊಂದು ಕಂಪನಿಯಿಂದ ಪಿಎಫ್‌ಒಎ ಕೊಳ್ಳತೊಡಗಿತು. ತಯಾರಿಯಲ್ಲಿ ಟೆಫ್ಲಾನ್ ಗಂಟುಗಟ್ಟದೆ ಹರಡಿರಲು ಅದು ಬೇಕಿತ್ತು. ಅತ್ತ 3ಎಂ ಕಂಪನಿ 1956ರಲ್ಲಿ ಬಟ್ಟೆಗೆ ಕಲೆ ಹಿಡಿಯದಂತೆ ಮಾಡುವ ಸ್ಕಾಚ್‌ಗಾರ್ಡ್ ಮಾರುಕಟ್ಟೆಗೆ ತಂದಿತು. ಅದು ಪಿಎಫ್‌ಒಎಸ್ ಬಳಗದ ವಸ್ತುಗಳಿಂದ ಮಾಡಿದ್ದು. 1960ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಜೊತೆ ಸೇರಿ ಬೆಂಕಿ ಆರಿಸುವ ಫೋಮ್ ಕೂಡ ಬಂತು. 1967ರಲ್ಲಿ ಫಾರೆಸ್ಟಲ್ ಎಂಬ ಯುದ್ಧ ಹಡಗಿನಲ್ಲಿ ಬೆಂಕಿ ಬಿದ್ದು 134 ಜನ ಸತ್ತರು. ಅದಾದ ಮೇಲೆ ಆ ಫೋಮ್ ಜಾಸ್ತಿಯಾಗಿ ಹರಡಿತು. ಜೀವ ಉಳಿಸಲು ತಂದ ವಸ್ತು ಅದು, ಮರೆಯಬಾರದು.

ಇನ್ನು ಮುಂದಿನದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಈ ವಸ್ತುಗಳು ಎಷ್ಟು ಕೆಟ್ಟವು ಅನ್ನುವುದಕ್ಕಿಂತ, ಇವುಗಳ ಅಳತೆ ಯಾರ ಕೈಯಲ್ಲಿತ್ತು ಅನ್ನುವುದು ನನಗೆ ದೊಡ್ಡ ವಿಷಯ.

ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಓಹಾಯೋ ನದಿಯ ದಡದಲ್ಲಿ ಪಾರ್ಕರ್ಸ್‌ಬರ್ಗ್ ಎಂಬ ಊರಿದೆ. ಡ್ಯೂಪಾಂಟ್‌ನ ಟೆಫ್ಲಾನ್ ಕಾರ್ಖಾನೆ ಅದರ ಹತ್ತಿರವೇ. ಸಿ8 ತ್ಯಾಜ್ಯವನ್ನು ಸುಡಬೇಕು ಇಲ್ಲವೇ ಕೆಮಿಕಲ್ ತ್ಯಾಜ್ಯದ ಘಟಕಕ್ಕೆ ಕಳಿಸಬೇಕು ಎಂದು 3ಎಂ ಹೇಳಿತ್ತು. ನದಿಗೆ, ಚರಂಡಿಗೆ ಬಿಡಬಾರದು ಎಂದು ಡ್ಯೂಪಾಂಟ್‌ನ ಸ್ವಂತ ಸೂಚನೆಯಲ್ಲೂ ಇತ್ತು. ಆದರೂ ದಶಕಗಳ ಕಾಲ ಅದು ಪೈಪಿನಲ್ಲಿ ನದಿಗೆ ಹೋಯಿತು, ಚಿಮಣಿಯಿಂದ ಗಾಳಿಗೆ ಹೋಯಿತು, ತ್ಯಾಜ್ಯದ ಹೊಂಡಗಳಿಂದ ಮಣ್ಣಿಗೆ ಇಳಿಯಿತು.

ಕಂಪನಿಗೆ ಗೊತ್ತಿರಲಿಲ್ಲವೇ? ಕೋರ್ಟಿನಲ್ಲಿ ಹೊರಬಂದ ಕಾಗದಗಳನ್ನು ವರ್ಷದ ಪ್ರಕಾರ ಜೋಡಿಸಿ ನೋಡಿ. 1961ರಲ್ಲೇ ಕಂಪನಿಯ ವಿಷಶಾಸ್ತ್ರಜ್ಞರು ಇಲಿಗಳ ಲಿವರ್ ಊದಿಕೊಳ್ಳುವುದನ್ನು ಕಂಡಿದ್ದರು. 1970ರ ದಶಕದಲ್ಲಿ ಕೆಲಸಗಾರರ ರಕ್ತದಲ್ಲಿ ಸಿ8 ಸಿಕ್ಕಿತು. 1981ರಲ್ಲಿ ಗರ್ಭಿಣಿ ಇಲಿಗಳ ಮರಿಗಳಲ್ಲಿ ಕಣ್ಣಿನ ದೋಷ ಕಂಡಿದೆ ಎಂದು 3ಎಂ ತಿಳಿಸಿತು. ಡ್ಯೂಪಾಂಟ್ ತನ್ನ ಕಾರ್ಖಾನೆಯ ಟೆಫ್ಲಾನ್ ವಿಭಾಗದಲ್ಲಿದ್ದ ಹೆಂಗಸರಿಗೆ ಹುಟ್ಟಿದ ಮಕ್ಕಳನ್ನು ಪರೀಕ್ಷಿಸಿತು. ಏಳು ಮಕ್ಕಳಲ್ಲಿ ಇಬ್ಬರಿಗೆ ಕಣ್ಣಿನ ದೋಷ ಇತ್ತು. ಈ ವಿಷಯ ಹೊರಗೆ ಬರಲಿಲ್ಲ. 1984ರಲ್ಲಿ ಕಂಪನಿಯವರು ಸುತ್ತಲಿನ ಊರುಗಳ ನಲ್ಲಿ ನೀರನ್ನು ಸದ್ದಿಲ್ಲದೆ ತಂದು ಪರೀಕ್ಷಿಸಿದರು. ನದಿಯ ಎರಡೂ ದಡದ ಊರುಗಳ ನೀರಿನಲ್ಲಿ ಸಿ8 ಇತ್ತು. ಆ ನೀರು ಕುಡಿಯುತ್ತಿದ್ದವರಿಗೆ ಹೇಳಲಿಲ್ಲ.

ಅಂದರೆ ಅಳತೆ ನಡೆದಿತ್ತು. ಚೆನ್ನಾಗಿಯೇ ನಡೆದಿತ್ತು. ಅದು ಬೀರುವಿನಲ್ಲಿತ್ತು, ಅಷ್ಟೆ.

ಇದೇ ಹೊತ್ತಿಗೆ ಹೊರಗೆ ಇಬ್ಬರು ವಿಜ್ಞಾನಿಗಳು ಇದರ ಹತ್ತಿರ ಬಂದಿದ್ದರು. ಡೊನಾಲ್ಡ್ ಟೇವ್ಸ್ ಎಂಬವರು ಫ್ಲೋರೈಡ್ ಬಗ್ಗೆ ಕೆಲಸ ಮಾಡುತ್ತಿದ್ದರು. 1968ರಲ್ಲಿ ಮನುಷ್ಯನ ರಕ್ತದಲ್ಲಿ ಎರಡು ಬಗೆಯ ಫ್ಲೋರಿನ್ ಇದೆ ಎಂದು ಅವರು ಪ್ರಕಟಿಸಿದರು. ಒಂದು ನೀರಿನಿಂದ ಬರುವ ಸಾದಾ ಫ್ಲೋರೈಡ್. ಇನ್ನೊಂದು ಕಾರ್ಬನ್‌ಗೆ ಅಂಟಿಕೊಂಡದ್ದು. ಪ್ರಕೃತಿಯಲ್ಲಿ ಅಂಥದ್ದು ಬಹಳ ಅಪರೂಪ. ಮುಂದೆ ವಾರೆನ್ ಗೈ ಜೊತೆ ಸೇರಿ ಹಲವು ಊರುಗಳ ರಕ್ತ ನೋಡಿದಾಗಲೂ ಅದೇ ಸಿಕ್ಕಿತು. 1975ರಲ್ಲಿ ಅವರು 3ಎಂ ಕಂಪನಿಯನ್ನು ಸಂಪರ್ಕಿಸಿ, ಇದರ ಮೂಲ ನಿಮ್ಮ ಸ್ಕಾಚ್‌ಗಾರ್ಡ್ ಇರಬಹುದೇ ಎಂದು ವಿಚಾರಿಸಿದರು. ಸರಿಯಾದ ಉತ್ತರ ಸಿಗಲಿಲ್ಲ. ಎಲ್ಲರ ರಕ್ತದಲ್ಲೂ ಪಿಎಫ್‌ಒಎಸ್ ಇದೆ ಎಂದು ಕಂಪನಿ ಅಮೆರಿಕದ ಪರಿಸರ ಸಂಸ್ಥೆ ಇಪಿಎಗೆ ತಿಳಿಸಿದ್ದು 1998ರಲ್ಲಿ. ನಡುವೆ ಇಪ್ಪತ್ಮೂರು ವರ್ಷ ಹೋಯಿತು. ಹೋಲಿಸಿ ನೋಡಲು ಪಿಎಫ್‌ಒಎಸ್ ಇಲ್ಲದ ರಕ್ತ ಬೇಕೆಂದು ಹುಡುಕಿದರೆ ಎಲ್ಲೂ ಸಿಗಲಿಲ್ಲವಂತೆ. ಕೊನೆಗೆ ಸಿಕ್ಕಿದ್ದು ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿದವರಿಂದ ತೆಗೆದಿಟ್ಟಿದ್ದ ಹಳೆಯ ರಕ್ತ. ಅದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತೆ.

ಪಾರ್ಕರ್ಸ್‌ಬರ್ಗ್‌ನಲ್ಲಿ ಬೀರು ತೆರೆಯಿಸಿದವನು ಒಬ್ಬ ದನ ಸಾಕುವ ರೈತ. ಅವನ ಮನೆಯವರು 1980ರ ದಶಕದ ಶುರುವಿನಲ್ಲಿ 66 ಎಕರೆ ಜಮೀನನ್ನು ಕಂಪನಿಗೆ ಮಾರಿದ್ದರು. ಕಂಪನಿ ಅಲ್ಲಿ ಕಸದ ಹೊಂಡ ಮಾಡಿತು. ಅಲ್ಲಿಂದ ಇಳಿದು ಬರುವ ಹಳ್ಳದ ನೀರನ್ನೇ ದನಗಳು ಕುಡಿಯುತ್ತಿದ್ದವು. ಹಳ್ಳದಲ್ಲಿ ನೊರೆ ಬರತೊಡಗಿತು. ದನಗಳ ಹಲ್ಲು ಕಪ್ಪಾದವು, ಮೈ ಸೊರಗಿತು, ಕರುಗಳು ಸತ್ತು ಹುಟ್ಟಿದವು. ಅಲ್ಲಿನ ಪಶುವೈದ್ಯರು ಬರಲು ಹಿಂದೇಟು ಹಾಕಿದಾಗ ಅವನೇ ಸತ್ತ ದನಗಳನ್ನು ಕೊಯ್ದು, ಒಳಗಿನ ಅಂಗಾಂಗಗಳನ್ನು ವಿಡಿಯೋ ಮಾಡಿಟ್ಟ. ನಮ್ಮಲ್ಲೂ ದನ ಸಾಕುವವರಿಗೆ ಗೊತ್ತು, ಒಂದು ಹಸು ಸತ್ತರೆ ಮನೆಯಲ್ಲಿ ಆ ದಿನ ಒಲೆ ಹಚ್ಚಲು ಮನಸ್ಸಾಗುವುದಿಲ್ಲ. ಅವನ ಕೊಟ್ಟಿಗೆಯಲ್ಲಿ ನೂರಕ್ಕೂ ಹೆಚ್ಚು ದನ ಸತ್ತವು.

1998ರಲ್ಲಿ ಅವನು ಸಿನ್ಸಿನಾಟಿಯ ವಕೀಲ ರಾಬರ್ಟ್ ಬಿಲಾಟ್ ಅವರಿಗೆ ಫೋನ್ ಮಾಡಿದ. ಬಿಲಾಟ್ ಅಲ್ಲಿಯವರೆಗೆ ಕೆಮಿಕಲ್ ಕಂಪನಿಗಳ ಪರವಾಗಿಯೇ ಕೆಲಸ ಮಾಡುತ್ತಿದ್ದ ವಕೀಲ. ಅವರ ಅಜ್ಜಿ ಆ ರೈತನ ಸೀಮೆಯವರು, ಅದೊಂದೇ ನಂಟು. 1999ರಲ್ಲಿ ಕೇಸು ಹಾಕಿದರು. ಕೋರ್ಟು ಹೇಳಿದ ಮೇಲೆ ಕಂಪನಿಯಿಂದ ಬಂದ ಕಾಗದ 1,10,000 ಪುಟ. ಬಿಲಾಟ್ ತಿಂಗಳುಗಟ್ಟಲೆ ಆಫೀಸಿನ ನೆಲದ ಮೇಲೆ ಕೂತು ಅವನ್ನು ಓದಿದರು. ನಾನು ಈಗ ನಿಮಗೆ ವರ್ಷವಾರು ಹೇಳಿದ್ದು ಅಲ್ಲಿಂದ ಬಂದದ್ದು. 2001ರ ಮಾರ್ಚ್‌ನಲ್ಲಿ ಅವರು ಇಪಿಎಗೆ 972 ಪುಟಗಳ ಪತ್ರ ಕಳಿಸಿದರು. 2005ರಲ್ಲಿ ಇಪಿಎ ಜೊತೆಗಿನ ರಾಜಿಯಲ್ಲಿ ಡ್ಯೂಪಾಂಟ್ 1.65 ಕೋಟಿ ಡಾಲರ್ ಕೊಡಲು ಒಪ್ಪಿತು. ಅಷ್ಟು ದೊಡ್ಡ ಕಂಪನಿಗೆ ಅದು ಏನೇನೂ ಅಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಜನ ಮಾಡಿದ ಕೆಲಸ. ಊರಿನವರೆಲ್ಲ ಸೇರಿ ಹಾಕಿದ ಕೇಸು 2004ರಲ್ಲಿ ರಾಜಿಯಾಯಿತು. ಏಳು ಕೋಟಿ ಡಾಲರ್ ಬಂತು. ತಲೆಗಿಷ್ಟು ಅಂತ ಹಂಚಿಕೊಂಡು ಮನೆಗೆ ಹೋಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ರಕ್ತ ಕೊಟ್ಟು, ಆರೋಗ್ಯದ ವಿವರ ತುಂಬಿದವರಿಗೆ 400 ಡಾಲರ್ ಎಂದು ನಿಯಮ ಮಾಡಿದರು. ಒಂದೇ ವರ್ಷದೊಳಗೆ ಸುಮಾರು 69,000 ಜನ ರಕ್ತ ಕೊಟ್ಟರು. ಆರು ಊರಿನ ನೀರು ಕುಡಿದವರು, ಮಕ್ಕಳು, ಮುದುಕರು, ಕಾರ್ಖಾನೆಯ ಕೆಲಸಗಾರರು, ಎಲ್ಲರೂ. ಒಂದೇ ಕೆಮಿಕಲ್ ಬಗ್ಗೆ ಇಷ್ಟು ಜನರ ರಕ್ತದ ಲೆಕ್ಕ ಅದಕ್ಕೆ ಮುಂಚೆ ಯಾರ ಹತ್ತಿರವೂ ಇರಲಿಲ್ಲ. ಎರಡೂ ಕಡೆಯವರು ಒಪ್ಪಿದ, ಜನಸಮೂಹದಲ್ಲಿ ಕಾಯಿಲೆಗಳ ಕಾರಣ ಹುಡುಕುವ ಮೂವರು ತಜ್ಞರು ಆ ಲೆಕ್ಕವನ್ನು ಏಳು ವರ್ಷ ಜಾಲಾಡಿದರು. 2012ಕ್ಕೆ ಕೆಲಸ ಮುಗಿಯಿತು. ಆರು ಕಾಯಿಲೆಗಳಿಗೂ ಸಿ8ಗೂ ಸಂಬಂಧ ಇರುವ ಸಾಧ್ಯತೆ ಬಲವಾಗಿದೆ ಎಂದು ಅವರು ಹೇಳಿದರು. ಕಿಡ್ನಿ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ತೊಂದರೆ, ದೊಡ್ಡ ಕರುಳಿನ ಹುಣ್ಣು, ಬಸಿರಿನಲ್ಲಿ ಏರುವ ಬಿಪಿ, ಜಾಸ್ತಿ ಕೊಲೆಸ್ಟರಾಲ್. 2017ರಲ್ಲಿ ಸುಮಾರು 3,500 ಕೇಸುಗಳಿಗೆ 67 ಕೋಟಿ ಡಾಲರ್ ಪರಿಹಾರ ಸಿಕ್ಕಿತು. ಕ್ಯಾನ್ಸರ್ ಬಗ್ಗೆ ಅಧ್ಯಯನ ಮಾಡುವ ವಿಶ್ವ ಆರೋಗ್ಯ ಸಂಸ್ಥೆಯ ವಿಭಾಗ 2023ರ ಕೊನೆಗೆ ಪಿಎಫ್‌ಒಎಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಈ ಹಂತದಲ್ಲಿ ಸಭೆಯಲ್ಲಿದ್ದ ಒಬ್ಬ ಹೆಣ್ಣುಮಗಳು ಕೇಳಿದರು: "ಸರ್, ಮನೇಲಿ ನಾನ್‌ಸ್ಟಿಕ್ ತವಾ ಇದೆ, ದೋಸೆ ಮಾಡ್ತೀವಿ. ಎಸೆದುಬಿಡಬೇಕಾ?"

ಗಾಬರಿ ಬೇಡಮ್ಮ. ತವಾ ಮೇಲಿನ ಟೆಫ್ಲಾನ್ ಪದರ ಬಹಳ ದೊಡ್ಡ ಅಣು. ಚೂರು ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರದೆ ಹಾಗೇ ಹೊರಗೆ ಹೋಗುತ್ತದೆ. ತೊಂದರೆ ಕೊಟ್ಟದ್ದು ಅದನ್ನು ತಯಾರಿಸಲು ಬಳಸಿದ ಸಿ8. ದೊಡ್ಡ ಕಂಪನಿಗಳು 2015ರ ಹೊತ್ತಿಗೆ ಅದನ್ನು ಬಿಟ್ಟವು. ಒಂದು ಎಚ್ಚರಿಕೆ ಮಾತ್ರ ಇರಲಿ: ಖಾಲಿ ತವಾವನ್ನು ಜೋರು ಉರಿಯಲ್ಲಿಟ್ಟು ಮರೆಯಬೇಡಿ. 260 ಡಿಗ್ರಿ ದಾಟಿ ಇನ್ನೂ ಕಾಯುತ್ತಾ ಹೋದರೆ ಪದರ ಒಡೆದು ಹೊಗೆ ಬರುತ್ತದೆ. ಅದನ್ನು ಉಸಿರಾಡಿದರೆ ಜ್ವರದ ಹಾಗೆ ಆಗುತ್ತದೆ. ಪಂಜರದ ಗಿಳಿ ಇದ್ದರೆ ಸತ್ತೇ ಹೋಗಬಹುದು. ಕಬ್ಬಿಣದ ಕಾವಲಿ ಇದ್ದರೆ ಅದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಆದರೆ ಅಡುಗೆಮನೆಯ ತವಾ ಇಲ್ಲಿ ಸಣ್ಣ ವಿಷಯ. ಅದನ್ನು ತಯಾರಿಸಿದ ಊರಿನ ನೀರು ದೊಡ್ಡ ವಿಷಯ.

ಇನ್ನೊಬ್ಬರು ಪಾವಗಡದ ಕಡೆಯವರು. "ಫ್ಲೋರೈಡ್ ಅಂದ್ರೆ ನಮಗೆ ಹಳೇ ಕಥೆ. ಇದೂ ಅದೇನಾ?" ಅಂದರು.

ಒಳ್ಳೆಯ ಪ್ರಶ್ನೆ. ಅದೇ ಅಲ್ಲ. ಪಾವಗಡ, ಕೋಲಾರ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಿನಲ್ಲಿರುವುದು ಬಂಡೆಯಿಂದ ಕರಗಿ ಬಂದ ಫ್ಲೋರೈಡ್. ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ಜಾಸ್ತಿ. ಅದು ಹಲ್ಲು, ಮೂಳೆ ಕೆಡಿಸುತ್ತದೆ. ಅದರ ಮಿತಿ ಲೀಟರಿಗೆ 1 ಮಿಲಿಗ್ರಾಂ. ಪಿಫಾಸ್ ಪೂರ್ತಿ ಮನುಷ್ಯ ಮಾಡಿದ್ದು. 2024ರಲ್ಲಿ ಅಮೆರಿಕ ಪಿಎಫ್‌ಒಎ, ಪಿಎಫ್‌ಒಎಸ್ ಎರಡಕ್ಕೂ ಹಾಕಿದ ಮಿತಿ ಲೀಟರಿಗೆ 4 ನ್ಯಾನೋಗ್ರಾಂ. ಒಂದು ನ್ಯಾನೋಗ್ರಾಂ ಎಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ಅಂದರೆ ಫ್ಲೋರೈಡ್ ಮಿತಿಗಿಂತ ಎರಡೂವರೆ ಲಕ್ಷ ಪಟ್ಟು ಕಡಿಮೆ. ಬೆಂಗಳೂರಿನಲ್ಲಿ ಓಡಾಡುವ 12,000 ಲೀಟರಿನ ನೀರಿನ ಟ್ಯಾಂಕರ್ ನೋಡಿದ್ದೀರಲ್ಲ. ಅಂಥ 20,000 ಟ್ಯಾಂಕರ್ ನೀರಿಗೆ ಒಂದೇ ಒಂದು ಗ್ರಾಂ ಬಿದ್ದರೂ ಮಿತಿ ಮುಟ್ಟಿದ ಹಾಗೆ. ಹಾಗಾಗಿ ಇದನ್ನು ಮನೆಯ ಕಿಟ್‌ನಲ್ಲಿ ನೋಡಲಾಗುವುದಿಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ದುಬಾರಿ ಯಂತ್ರ ಬೇಕು, ಪಳಗಿದ ಕೈ ಬೇಕು.

ಇಷ್ಟು ಕಡಿಮೆ ಇದ್ದರೂ ಯಾಕೆ ಭಯ ಅಂದರೆ, ಇವು ಮೈಯಲ್ಲಿ ನಿಲ್ಲುತ್ತವೆ. ಡಿಡಿಟಿಯಂಥವು ಕೊಬ್ಬಿನಲ್ಲಿ ಸೇರಿಕೊಳ್ಳುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಪಿಫಾಸ್ ಹಾಗಲ್ಲ. ಇವು ರಕ್ತದ ಪ್ರೋಟೀನಿಗೆ ಅಂಟಿಕೊಂಡು ತಿರುಗುತ್ತವೆ, ಲಿವರ್‌ನಲ್ಲಿ ನಿಲ್ಲುತ್ತವೆ. ಕಿಡ್ನಿ ಹೊರಗೆ ಹಾಕಲು ಹೋದರೂ ಅಲ್ಲಿನ ಸಾಗಣೆ ಪ್ರೋಟೀನುಗಳು ಮತ್ತೆ ಒಳಗೆ ಎಳೆದುಕೊಳ್ಳುತ್ತವೆ. ಹೆಣ್ಣು ಇಲಿ ಪಿಎಫ್‌ಒಎಯನ್ನು ಕೆಲವೇ ಗಂಟೆಗಳಲ್ಲಿ ಅರ್ಧಕ್ಕೆ ಇಳಿಸುತ್ತದೆ. ಗಂಡು ಇಲಿಗೆ ದಿನಗಳು ಬೇಕು. ಮನುಷ್ಯರಿಗೆ ಎರಡರಿಂದ ನಾಲ್ಕು ವರ್ಷ. ಪಿಎಫ್‌ಒಎಸ್ ಆದರೆ ಸುಮಾರು ಐದು ವರ್ಷ. ಇಲಿಯ ಮೇಲಿನ ಪ್ರಯೋಗ ನೋಡಿ ಮನುಷ್ಯರಿಗೆ ಲೆಕ್ಕ ಹಾಕುವುದು ಎಷ್ಟು ಕಷ್ಟ ಅಂತ ಇದರಿಂದಲೇ ತಿಳಿಯುತ್ತದೆ. ದಿನಾ ಸ್ವಲ್ಪ ಸ್ವಲ್ಪ ಕುಡಿದರೆ, ಹೋಗುವುದಕ್ಕಿಂತ ಬರುವುದೇ ಜಾಸ್ತಿ.

ತಾಯಿಯಿಂದ ಮಗುವಿಗೆ ಬಸಿರಿನಲ್ಲೂ ಹೋಗುತ್ತದೆ, ಹಾಲಿನಲ್ಲೂ ಹೋಗುತ್ತದೆ. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಎದೆಹಾಲು ನಿಲ್ಲಿಸಿ ಎಂದು ಅಮೆರಿಕದ ಆರೋಗ್ಯ ಇಲಾಖೆಯೂ ಹೇಳುವುದಿಲ್ಲ. ಹಾಲಿನಿಂದ ಮಗುವಿಗೆ ಆಗುವ ಒಳ್ಳೆಯದು ಬಹಳ ದೊಡ್ಡದು. ಸರಿಮಾಡಬೇಕಿರುವುದು ತಾಯಿ ಕುಡಿಯುವ ನೀರನ್ನು. ಉತ್ತರ ಅಟ್ಲಾಂಟಿಕ್ ಸಮುದ್ರದ ಫರೋ ದ್ವೀಪಗಳ ಮಕ್ಕಳ ಮೇಲೆ ಫಿಲಿಪ್ ಗ್ರಾಂಜಾನ್ ಮತ್ತು ಜೊತೆಗಾರರು ಮಾಡಿದ ಅಧ್ಯಯನ 2012ರಲ್ಲಿ ಬಂತು. ಐದನೇ ವಯಸ್ಸಿನಲ್ಲಿ ರಕ್ತದಲ್ಲಿ ಈ ವಸ್ತುಗಳು ದುಪ್ಪಟ್ಟು ಇದ್ದ ಮಕ್ಕಳಲ್ಲಿ, ಏಳನೇ ವಯಸ್ಸಿಗೆ ಧನುರ್ವಾಯು ಮತ್ತು ಗಂಟಲುಮಾರಿ ಲಸಿಕೆಯಿಂದ ಬರುವ, ರಕ್ಷಣೆ ಕೊಡುವ ಪ್ರತಿಕಾಯಗಳು ರಕ್ತದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೇ ಇದ್ದವು. ಲಸಿಕೆ ಹಾಕಿಸಿದ್ದೂ ಪೂರ್ತಿ ಫಲ ಕೊಡಲಿಲ್ಲ ಎಂದರ್ಥ.

ಫರೋ ದ್ವೀಪದಲ್ಲಿ ಟೆಫ್ಲಾನ್ ಕಾರ್ಖಾನೆ ಇಲ್ಲ. ಮತ್ತೆ ಅಲ್ಲಿಗೆ ಹೇಗೆ ಹೋಯಿತು? ಸಮುದ್ರದ ಮೂಲಕ, ಮೀನು, ತಿಮಿಂಗಿಲದ ಮಾಂಸದ ಮೂಲಕ. ಇದು ಇಡೀ ಜಗತ್ತಿಗೆ ಹರಡಿದೆ ಎಂದು ಮೊದಲು ತೋರಿಸಿದವರಲ್ಲಿ ನಮ್ಮ ನೆರೆಯ ತಮಿಳುನಾಡಿನಿಂದ ಹೋದ ಕುರುಂತಾಚಲಂ ಕಣ್ಣನ್ ಒಬ್ಬರು. 2001ರಲ್ಲಿ ಅವರು ಮತ್ತು ಜಾನ್ ಗೀಸಿ ಒಂದು ಪ್ರಬಂಧ ಬರೆದರು. ಹಿಮಕರಡಿ, ಸೀಲ್, ಹದ್ದು, ಮೀನು, ಹೀಗೆ ಕಾರ್ಖಾನೆಯಿಂದ ಸಾವಿರಾರು ಕಿಲೋಮೀಟರ್ ದೂರದ ಪ್ರಾಣಿಗಳಲ್ಲೂ ಪಿಎಫ್‌ಒಎಸ್ ಇತ್ತು.

ಕಣ್ಣನ್ ತಂಡವೇ 2004ರಲ್ಲಿ ಹಲವು ದೇಶಗಳ ಜನರ ರಕ್ತ ನೋಡಿತು. ಅಮೆರಿಕ, ಪೋಲೆಂಡ್ ಜನರಲ್ಲಿ ಪಿಎಫ್‌ಒಎಸ್ ಒಂದು ಮಿಲಿಲೀಟರ್ ರಕ್ತಕ್ಕೆ 30 ನ್ಯಾನೋಗ್ರಾಂಗಿಂತ ಜಾಸ್ತಿ. ಎಲ್ಲಕ್ಕಿಂತ ಕಡಿಮೆ ಸಿಕ್ಕಿದ್ದು ಭಾರತದವರಲ್ಲಿ, 3ಕ್ಕಿಂತ ಕಡಿಮೆ. ಈ ಸಂಖ್ಯೆಯನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು ಎಂದು ನನ್ನ ಆಸೆ. ಆಗ ನಮ್ಮ ರಕ್ತ ಇದ್ದದ್ದರಲ್ಲಿ ಶುದ್ಧವಾಗಿತ್ತು. ನಾವು ಕಳೆದುಕೊಳ್ಳಲು ನಮ್ಮ ಹತ್ತಿರ ಏನೋ ಇದೆ ಅಂತ ಇದರ ಅರ್ಥ. ಅಮೆರಿಕದವರು ಈಗ ಸಾವಿರಾರು ಕೋಟಿ ಡಾಲರ್ ಸುರಿದು ಹಿಂದಕ್ಕೆ ಹೋಗಲು ನೋಡುತ್ತಿರುವ ಜಾಗದಲ್ಲಿ ನಾವು ಆಗ ಸುಮ್ನೆ ನಿಂತಿದ್ದೆವು.

ಮುಂದೇನಾಯಿತು? 2000ದಲ್ಲಿ 3ಎಂ ಪಿಎಫ್‌ಒಎಸ್ ತಯಾರಿಕೆ ಬಿಡುವುದಾಗಿ ಹೇಳಿತು. ಕೊಳೆಯದೆ ಉಳಿಯುವ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2009ರಲ್ಲಿ ಪಿಎಫ್‌ಒಎಸ್ ಸೇರಿತು. 2019ರಲ್ಲಿ ಪಿಎಫ್‌ಒಎ ಸೇರಿತು. ಆದರೆ ಒಂದನ್ನು ಬಿಟ್ಟ ಕಡೆ ಇನ್ನೊಂದು ಬಂತು. ಸಿ8 ಬದಲಿಗೆ ಡ್ಯೂಪಾಂಟ್ 2009ರಿಂದ ಜೆನ್‌ಎಕ್ಸ್ ಎಂಬ ಚಿಕ್ಕ ಸರಪಳಿಯದ್ದನ್ನು ತಂದಿತು. ಮೈಯಿಂದ ಬೇಗ ಹೋಗುತ್ತದೆ, ಹಾಗಾಗಿ ಸುರಕ್ಷಿತ ಎಂಬ ವಾದ. 2017ರಲ್ಲಿ ನಾರ್ತ್ ಕೆರೋಲಿನಾದ ಕೇಪ್ ಫಿಯರ್ ನದಿಯಲ್ಲಿ, ಆ ನದಿಯ ನೀರು ಕುಡಿಯುವ ವಿಲ್ಮಿಂಗ್ಟನ್ ಊರಿನ ನಲ್ಲಿಯಲ್ಲಿ ಅದು ಇದೆ ಎಂದು ಸುದ್ದಿಯಾಯಿತು. ಸರಪಳಿ ಚಿಕ್ಕದಾದಷ್ಟೂ ಇದ್ದಿಲಿನ ಫಿಲ್ಟರ್‌ಗೆ ಸಿಗುವುದು ಕಷ್ಟ. ನೀರಿನ ಜೊತೆ ಬೇಗ ಹರಿಯುತ್ತದೆ, ಗಿಡಗಳ ಎಲೆ, ಕಾಯಿಗೂ ಸುಲಭವಾಗಿ ಏರುತ್ತದೆ. ಪ್ರಕೃತಿಯಲ್ಲಿ ಕೊಳೆಯುವುದಂತೂ ಇದೂ ಇಲ್ಲ.

ಒಂದೊಂದನ್ನೇ ಹಿಡಿದು ವಿಷ ಎಂದು ಸಾಬೀತು ಮಾಡುತ್ತಾ ಕೂತರೆ, ಸಾವಿರಾರು ವಸ್ತುಗಳಿಗೆ ಎಷ್ಟು ತಲೆಮಾರು ಬೇಕು? ಸಿ8 ಒಂದಕ್ಕೇ 1961ರಿಂದ 2012ರವರೆಗೆ ಐವತ್ತೊಂದು ವರ್ಷ ಹಿಡಿಯಿತು, ಅದೂ 69,000 ಜನ ತೋಳು ಚಾಚಿದ ಮೇಲೆ. ಕೊಳೆಯದ ವಸ್ತುವನ್ನು ನೀರಿಗೆ ಬಿಡುವವನೇ ಅದು ಸುರಕ್ಷಿತ ಎಂದು ಮೊದಲು ತೋರಿಸಬೇಕು. ಇದು ನನ್ನ ಗಟ್ಟಿ ನಿಲುವು. ಜರ್ಮನಿ, ನೆದರ್ಲೆಂಡ್ಸ್, ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಸೇರಿ 2023ರಲ್ಲಿ ಯುರೋಪಿನ ಮುಂದೆ ಇಟ್ಟ ಪ್ರಸ್ತಾವವೂ ಹತ್ತಿರಹತ್ತಿರ ಇದೇ ದಾರಿಯದ್ದು. ಇಡೀ ಗುಂಪನ್ನೇ ಒಟ್ಟಿಗೆ ನಿರ್ಬಂಧಿಸಿ, ನಿಜವಾಗಿ ಬೇರೆ ದಾರಿ ಇಲ್ಲದ ಕಡೆ ಮಾತ್ರ ಸಮಯ ಕೊಡಿ ಅನ್ನುತ್ತದೆ ಅದು. ಇನ್‌ಹೇಲರ್‌ಗೂ ಪಿಜ್ಜಾ ಡಬ್ಬಿಗೂ ವ್ಯತ್ಯಾಸ ಇದೆ, ಅಲ್ವಾ? ಡೆನ್ಮಾರ್ಕ್ ಅಂತೂ ಆಹಾರ ಕಟ್ಟುವ ಕಾಗದದಲ್ಲಿ ಇವನ್ನು 2020ರಲ್ಲೇ ನಿಲ್ಲಿಸಿತು. ಅಲ್ಲಿನ ಬೇಕರಿಗಳು ಮುಚ್ಚಿಲ್ಲ.

ಈಗ ನಮಗೆ ಹತ್ತಿರದ ಒಂದು ವಿಷಯಕ್ಕೆ ಬರುತ್ತೇನೆ. ಇಟಲಿಯ ವೆನೆಟೋ ಪ್ರಾಂತ್ಯದ ಟ್ರಿಸ್ಸಿನೋ ಊರಿನಲ್ಲಿ ಮಿಟೇನಿ ಎಂಬ ಕಾರ್ಖಾನೆ ದಶಕಗಳ ಕಾಲ ಪಿಫಾಸ್ ತಯಾರಿಸಿತು. 2013ರಲ್ಲಿ ಅಲ್ಲಿನ ಅಂತರ್ಜಲ ಕೆಟ್ಟಿದೆ ಎಂದು ಗೊತ್ತಾಯಿತು. ಸುಮಾರು ಮೂರೂವರೆ ಲಕ್ಷ ಜನರ ಪ್ರದೇಶ ಅದು. ಮಕ್ಕಳ ರಕ್ತ ಪರೀಕ್ಷೆಯ ಕಾಗದ ಕೈಗೆ ಬಂದಾಗ ತಾಯಂದಿರು ಬೀದಿಗಿಳಿದರು, ಸಂಘ ಕಟ್ಟಿದರು, ವರ್ಷಗಟ್ಟಲೆ ಬಿಡಲಿಲ್ಲ. ಕಂಪನಿ 2018ರಲ್ಲಿ ದಿವಾಳಿಯಾಯಿತು. 2025ರ ಜೂನ್‌ನಲ್ಲಿ ವಿಚೆಂಜಾ ಕೋರ್ಟು ಹನ್ನೊಂದು ಜನ ಅಧಿಕಾರಿಗಳಿಗೆ ಒಟ್ಟು 141 ವರ್ಷ ಜೈಲು ಶಿಕ್ಷೆ ಕೊಟ್ಟಿತು.

ದಿವಾಳಿಯಾದ ಆ ಕಾರ್ಖಾನೆಯ ಯಂತ್ರ, ಪೇಟೆಂಟ್, ತಯಾರಿಕೆಯ ಕಾಗದಪತ್ರ ಎಲ್ಲವನ್ನೂ 2019ರಲ್ಲಿ ಭಾರತದ ಒಂದು ಕಂಪನಿ ಕೊಂಡುಕೊಂಡಿತು. ಅವು ಬಂದದ್ದು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮ ಕೈಗಾರಿಕಾ ಪ್ರದೇಶಕ್ಕೆ. ಮಂಗಳೂರು, ಕಾರವಾರದಿಂದ ಮುಂಬೈಗೆ ಹೋಗುವ ಹೆದ್ದಾರಿಯಲ್ಲೇ, ಚಿಪಳೂಣ್ ದಾಟಿದ ಮೇಲೆ ಖೇಡ್‌ಗಿಂತ ಮುಂಚೆ ಸಿಗುತ್ತದೆ. ಅಲ್ಲಿ ಮಾಲಿನ್ಯ ಆಗಿದೆ ಎಂದು ನಾನು ಹೇಳುತ್ತಿಲ್ಲ. ನನ್ನ ಕೇಳಿಕೆ ಇಷ್ಟೇ: ಸುತ್ತಲಿನ ಬಾವಿ, ಹೊಳೆ, ಕೆಲಸಗಾರರ ರಕ್ತವನ್ನು ಸರ್ಕಾರ ನೋಡಲಿ, ಸಿಕ್ಕ ಸಂಖ್ಯೆಯನ್ನು ಎಲ್ಲರ ಮುಂದೆ ಇಡಲಿ, ವರ್ಷ ವರ್ಷ ಮತ್ತೆ ನೋಡಲಿ. ಪಾರ್ಕರ್ಸ್‌ಬರ್ಗ್‌ನ ಹಾಗೆ ಸಂಖ್ಯೆಗಳು ಒಂದು ಕಂಪನಿಯ ಬೀರುವಿನಲ್ಲಿ ಮಾತ್ರ ಇರುವಂತಾಗಬಾರದು.

ಹಾಗೆ ನೋಡಲು ಕಾನೂನು ಬೇಕು. ಕುಡಿಯುವ ನೀರಿಗೆ ನಮ್ಮಲ್ಲಿರುವುದು ಐಎಸ್ 10500 ಎಂಬ ಮಾನದಂಡ. 2012ರ ಆ ಪಟ್ಟಿಯಲ್ಲಿ ಸೀಸ, ಆರ್ಸೆನಿಕ್, ಫ್ಲೋರೈಡ್, ಡಿಡಿಟಿ ಇವೆ, ಪಿಫಾಸ್ ಇಲ್ಲ. ಮಿತಿಯೇ ಇಲ್ಲದ ಮೇಲೆ ನೀರಿನ ಬೋರ್ಡಿನವರು ಏನನ್ನು ಪರೀಕ್ಷೆ ಮಾಡುತ್ತಾರೆ? ಸ್ಟಾಕ್‌ಹೋಮ್ ಒಪ್ಪಂದಕ್ಕೆ ಭಾರತ 2006ರಲ್ಲೇ ಸೇರಿದೆ. ಹೊಸದಾಗಿ ಪಟ್ಟಿಗೆ ಬಂದವುಗಳನ್ನು ಮಾತ್ರ ನಾವು ಬೇರೆಯಾಗಿ ಒಪ್ಪಬೇಕು. 2020ರಲ್ಲಿ ಏಳನ್ನು ಒಪ್ಪಿದೆವು. ಅದರಲ್ಲಿ ಪಿಎಫ್‌ಒಎಸ್, ಪಿಎಫ್‌ಒಎ ಇರಲಿಲ್ಲ. ನಮ್ಮ ರಾಜ್ಯದಲ್ಲೂ ವಿಮಾನ ನಿಲ್ದಾಣಗಳಿವೆ, ರಿಫೈನರಿ ಇದೆ, ಪೆಟ್ರೋಲ್ ಡಿಪೋಗಳಿವೆ. ಬೆಂಕಿ ಆರಿಸಲು ಅಲ್ಲಿಟ್ಟಿರುವ ಫೋಮ್ ಯಾವುದು, ತಾಲೀಮು ಮಾಡಿದ ಮೇಲೆ ಅದು ಎಲ್ಲಿಗೆ ಹರಿಯುತ್ತದೆ? ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕೊಟ್ಟು ಕೇಳಬಹುದಾದ ಪ್ರಶ್ನೆ ಇದು. ದಯವಿಟ್ಟು ಕೇಳಿ. ಫ್ಲೋರಿನ್ ಇಲ್ಲದ ಫೋಮ್‌ಗಳು ಈಗ ಮಾರುಕಟ್ಟೆಯಲ್ಲಿವೆ.

ಫೋಮ್ ವಿಷಯ ಬಂದಾಗ ಬೆಂಕಿ ಆರಿಸುವವರನ್ನು ಮರೆಯಬಾರದು. ಎಲ್ಲರಿಗಿಂತ ಜಾಸ್ತಿ ಇದನ್ನು ಮೈಮೇಲೆ ಹಾಕಿಕೊಂಡವರು ಅವರೇ. ಆಸ್ಟ್ರೇಲಿಯಾದಲ್ಲಿ 285 ಜನ ಅಗ್ನಿಶಾಮಕ ಸಿಬ್ಬಂದಿಯನ್ನು ಒಂದು ವರ್ಷ ನೋಡಿದರು. ಕೆಲವರು ಮತ್ತೆ ಮತ್ತೆ ರಕ್ತ ಕೊಟ್ಟರು, ಕೆಲವರು ಪ್ಲಾಸ್ಮಾ ಕೊಟ್ಟರು, ಉಳಿದವರು ಏನೂ ಮಾಡಲಿಲ್ಲ. 2022ರಲ್ಲಿ ಫಲಿತಾಂಶ ಬಂತು. ರಕ್ತ ಕೊಟ್ಟವರಲ್ಲಿ ಪಿಎಫ್‌ಒಎಸ್ ಇಳಿದಿತ್ತು, ಪ್ಲಾಸ್ಮಾ ಕೊಟ್ಟವರಲ್ಲಿ ಇನ್ನೂ ಜಾಸ್ತಿ ಇಳಿದಿತ್ತು. ಇದಕ್ಕೆಂದೇ ಒಪ್ಪಿಗೆ ಪಡೆದ ಔಷಧ ಅಂತ ಸದ್ಯಕ್ಕೆ ಇಲ್ಲ.

ಕೊನೆಗೆ ಎರಡು ಪ್ರಶ್ನೆ ಬಂದವು.

"ಮನೇಲಿ ಆರ್‌ಒ ಇದೆ. ಅದು ಇದನ್ನ ತೆಗೆಯುತ್ತಾ?" ಅಂತ ಒಬ್ಬ ಹಿರಿಯರು ಕೇಳಿದರು. ಸರಿಯಾಗಿ ಕೆಲಸ ಮಾಡುವ ಆರ್‌ಒ ಬಹುಪಾಲು ತೆಗೆಯುತ್ತದೆ, ಚಿಕ್ಕ ಸರಪಳಿಯವನ್ನೂ ಸೇರಿಸಿ. ಆದರೆ ತೆಗೆದದ್ದು ಮಾಯವಾಗುವುದಿಲ್ಲ. ಸಿಂಕಿನ ಕೆಳಗಿನ ಪೈಪಿನಲ್ಲಿ ಹೊರಗೆ ಹೋಗುವ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗಿ ಇರುತ್ತದೆ. ಅಲ್ಲಿಂದ ಮೋರಿ, ಮೋರಿಯಿಂದ ಕೆರೆ. ಚರಂಡಿ ನೀರಿನ ಘಟಕಗಳೂ ಇದನ್ನು ಒಡೆಯುವುದಿಲ್ಲ. ಅಲ್ಲಿ ಉಳಿಯುವ ಕೆಸರನ್ನು ಗೊಬ್ಬರ ಎಂದು ಹೊಲಕ್ಕೆ ಹಾಕಿ ಅಮೆರಿಕದ ಮೇನ್ ರಾಜ್ಯದಲ್ಲಿ ರೈತರು ಹೊಲ, ಹಸು ಎರಡನ್ನೂ ಕಳೆದುಕೊಂಡರು. 2022ರಲ್ಲಿ ಆ ರಾಜ್ಯ ಅಂಥ ಕೆಸರನ್ನು ಹೊಲಕ್ಕೆ ಹಾಕುವುದನ್ನೇ ನಿಲ್ಲಿಸಿತು. ಹಾಗಾಗಿ ಮನೆಯ ಯಂತ್ರ ನಿಮ್ಮ ಲೋಟವನ್ನು ಮಾತ್ರ ಕಾಪಾಡುತ್ತದೆ. ಕಾರ್ಖಾನೆಯ ಬಾಯಲ್ಲೇ ತಡೆಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಬಿಎಸ್ಸಿ ಓದುತ್ತಿರುವ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಹಾಗಾದರೆ ಇದನ್ನ ಒಡೆಯೋಕೆ ಆಗೋದೇ ಇಲ್ವಾ?"

ಆಗುತ್ತದಮ್ಮ. ತುಂಬಾ ಜಾಸ್ತಿ ಉಷ್ಣದಲ್ಲಿ, ಸಾವಿರ ಡಿಗ್ರಿ ದಾಟಿದ ಕುಲುಮೆಯಲ್ಲಿ ಒಡೆಯುತ್ತದೆ, ಖರ್ಚು ವಿಪರೀತ. 2022ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಒಂದು ಒಳ್ಳೆಯ ಕೆಲಸ ಬಂತು. ವಿಲಿಯಂ ಡಿಕ್ಟೆಲ್ ಅವರ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಬ್ರಿಟನಿ ಟ್ರ್ಯಾಂಗ್ ಅದರ ಮೊದಲ ಲೇಖಕಿ. ಗಟ್ಟಿ ಬಾಲವನ್ನು ಬಿಟ್ಟು, ಅವರು ತುದಿಯ ಆಸಿಡ್ ಗುಂಪನ್ನು ಹಿಡಿದರು. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ, ಕಾಸ್ಟಿಕ್ ಸೋಡಾ ಹಾಕಿ, 120 ಡಿಗ್ರಿಗೆ ಕಾಯಿಸಿದರೆ ಆ ತುದಿ ಕಳಚಿಕೊಳ್ಳುತ್ತದೆ. ಅದು ಕಳಚಿದ ಮೇಲೆ ಉಳಿದ ಸರಪಳಿ ತಾನಾಗಿ ಬಿಚ್ಚಿಕೊಳ್ಳುತ್ತಾ ಹೋಗಿ, ಫ್ಲೋರಿನ್‌ನ ಬಹುಪಾಲು ಸಾದಾ ಫ್ಲೋರೈಡ್ ಆಗಿ ಬೀಳುತ್ತದೆ. ಪಿಎಫ್‌ಒಎಗೆ ಇದು ನಡೆಯುತ್ತದೆ, ಜೆನ್‌ಎಕ್ಸ್‌ಗೂ ನಡೆಯುತ್ತದೆ. ಗಂಧಕದ ತುದಿ ಇರುವ ಪಿಎಫ್‌ಒಎಸ್‌ಗೆ ನಡೆಯುವುದಿಲ್ಲ. ಅಲ್ಲದೆ ಇದಕ್ಕೆ ಮೊದಲು ಕೋಟಿಗಟ್ಟಲೆ ಲೀಟರ್ ನೀರಿನಿಂದ ಆ ಒಂದೆರಡು ಗ್ರಾಂ ಹಿಡಿದು ಒಟ್ಟುಮಾಡಬೇಕು. ಈ ಎರಡೂ ಇನ್ನೂ ಬಿಡಿಸದ ಲೆಕ್ಕಗಳು. ನೀನು ಯಾವ ವರ್ಷ ಓದುತ್ತಿದ್ದೀ ಅಂದೆ. ಎರಡನೇ ವರ್ಷ ಅಂದಳು. ಆ ಪ್ರಬಂಧದ ಪ್ರತಿ ಅವಳಿಗೆ ಕೊಟ್ಟಿದ್ದೇನೆ.